ಓಟದ ಕಾರೂ ಊಟದ ಬಿಲ್ಲೂ

ಫಾರ್ಮುಲಾ ಒನ್ ಕಾರಿನ ಹೊಟ್ಟೆಯ ಕೆಳಗೆ ಮರದ ಹಲಗೆಯೊಂದನ್ನು ಬಿಗಿದಿರುತ್ತಾರೆ ಎಂದು ತಿಳಿದ ಮೇಲೆ ಆ ಆಟದ ಮೇಲಿದ್ದ ನನ್ನ ಅಂಜಿಕೆ ಅರ್ಧ ಕಡಿಮೆಯಾಯಿತು. ಕಾರ್ಬನ್ ಫೈಬರ್, ಟೈಟಾನಿಯಂ, ನೂರಾರು ಸೆನ್ಸರು, ಕಂಪ್ಯೂಟರ್ ಮುಂದೆ ಸಾಲಾಗಿ ಕುಳಿತ ಎಂಜಿನಿಯರುಗಳು, ಇಷ್ಟೆಲ್ಲ ಇದ್ದೂ ಒಮ್ಮೊಮ್ಮೆ ನ್ಯಾಯ ತೀರ್ಮಾನವಾಗುವುದು 10 ಮಿಲಿಮೀಟರ್ ದಪ್ಪದ ಹಲಗೆಯಿಂದ. 1994ರಲ್ಲಿ ಐರ್ಟನ್ ಸೆನ್ನಾ ಇಮೋಲಾದಲ್ಲಿ ತೀರಿಕೊಂಡ ಮೇಲೆ, ಕಾರುಗಳು ನೆಲಕ್ಕೆ ತೀರಾ ಅಂಟಿಕೊಂಡು ಓಡಬಾರದೆಂದು ತಂದ ನಿಯಮ ಅದು. ರೇಸು ಮುಗಿದಾಗ ಹಲಗೆ ಒಂದು ಮಿಲಿಮೀಟರಿಗಿಂತ ಹೆಚ್ಚು ಸವೆದಿದ್ದರೆ ಓಡಿದ್ದೆಲ್ಲ ವ್ಯರ್ಥ. ಅದೇ ವರ್ಷ ಮೈಕೆಲ್ ಶುಮಾಕರ್ ಬೆಲ್ಜಿಯಂನಲ್ಲಿ ಗೆದ್ದು, ಹಲಗೆ ಅಳೆಸಿಕೊಂಡು, ಗೆಲುವು ಕಳೆದುಕೊಂಡ. 2025ರ ನವೆಂಬರಿನಲ್ಲಿ ಲಾಸ್ ವೇಗಸ್‌ನಲ್ಲಿ ಎರಡನೆಯವನಾಗಿ ಮತ್ತು ನಾಲ್ಕನೆಯವನಾಗಿ ಬಂದ ಮೆಕ್‌ಲಾರೆನ್‌ನ ಇಬ್ಬರು ಚಾಲಕರೂ ಇದೇ ಹಲಗೆಯ ದೆಸೆಯಿಂದ ಬರಿಗೈಯಲ್ಲಿ ಮನೆಗೆ ಹೋದರು. ಆ ದಪ್ಪನೆಯ ನಿಯಮಪುಸ್ತಕದಲ್ಲಿ ನನಗೆ ಪೂರ್ತಿ ಅರ್ಥವಾಗುವ ನಿಯಮ ಇದೊಂದೇ. ನಮ್ಮ ಬೀದಿಯ ಬಡಗಿಯನ್ನು ಕರೆದುಕೊಂಡು ಹೋಗಿ ನಿಲ್ಲಿಸಿದರೂ ತೀರ್ಪು ಕೊಟ್ಟುಬಿಟ್ಟಾನು.

ಭಾನುವಾರ ಸಂಜೆ ನಮ್ಮ ಮನೆಯಲ್ಲಿ ರೇಸು ನೋಡಲು ಕೂರುವವರು ಮೂವರು. ತಂಗಿಯ ಮಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವನು ನೋಡುವುದು ಕಾರನ್ನು. ನಾನು ನೋಡುವುದು ಜಗಳವನ್ನು. ಮೂರನೆಯವರು ನಮ್ಮ ಷಡ್ಡಕರು, ಲೆಕ್ಕ ಪರಿಶೋಧನೆಯಲ್ಲಿ ಜೀವ ತೇದು ನಿವೃತ್ತರಾದವರು. ಅವರ ಕಣ್ಣು ಕಾರಿನ ಮೈತುಂಬ ಮೆತ್ತಿರುವ ಜಾಹೀರಾತುಗಳ ಮೇಲೆ. 'ಇದಕ್ಕೆಲ್ಲ ದುಡ್ಡು ಯಾರು ಕೊಡ್ತಾರ್ರೀ?' ಎಂದು ಮೊದಲ ದಿನ ಕೇಳಿದರು. ಅವತ್ತಿನಿಂದ ಬೇರೆ ಪ್ರಶ್ನೆ ಕೇಳಿದ್ದು ಕಡಿಮೆ. ನನ್ನ ಹೆಂಡತಿ ಕೂರುವುದಿಲ್ಲ. ಕಾಫಿ ತಂದಿಡುವಾಗ ಟಿವಿಯ ಕಡೆ ಒಂದು ನೋಟ ಎಸೆದು, 'ಇವನು ಶುರುವಿನಿಂದ ಮುಂದೇ ಇದಾನಲ್ಲ, ಮತ್ತೆ ಇನ್ನೂ ನಲವತ್ತು ಸುತ್ತು ಯಾತಕ್ಕೆ?' ಎಂದು ಕೇಳಿ ಉತ್ತರಕ್ಕೆ ಕಾಯದೆ ಒಳಗೆ ಹೋಗುತ್ತಾಳೆ. ಈ ಆಟ ನಡೆಸುವವರು 1950ರಿಂದ ತಲೆ ಕೆಡಿಸಿಕೊಂಡಿರುವುದು ಇದೇ ಪ್ರಶ್ನೆಗೆ.

ಉತ್ತರ ಹೊಳೆಯದಾಗ ಅವರು ಮೊದಲು ಕೈಹಾಕುವುದು ಅಂಕಗಳಿಗೆ. ಆರಂಭದಲ್ಲಿ ಗೆದ್ದವನಿಗೆ 8 ಅಂಕ. ಅದು 9 ಆಯಿತು, 10 ಆಯಿತು, 2010ರಿಂದ 25 ಆಗಿದೆ. ಅತಿ ವೇಗದ ಸುತ್ತಿಗೆ ಕೊಡುತ್ತಿದ್ದ ಒಂದು ಅಂಕವನ್ನು 1960ರಲ್ಲಿ ತೆಗೆದರು, 2019ರಲ್ಲಿ ವಾಪಸು ತಂದರು, 2025ರಲ್ಲಿ ಮತ್ತೆ ತೆಗೆದರು. 2014ರಲ್ಲಿ ವರ್ಷದ ಕೊನೆಯ ರೇಸಿಗೆ ಮಾತ್ರ ಎರಡರಷ್ಟು ಅಂಕ ಎಂದರು. ಎಲ್ಲರೂ ಬೈದರು. ಮರುವರ್ಷಕ್ಕೆ ಅದು ಇರಲಿಲ್ಲ. 2009ರದ್ದು ಇನ್ನೂ ಸೊಗಸು. ಅಂಕ ಗಿಂಕ ಬೇಡ, ಹೆಚ್ಚು ರೇಸು ಗೆದ್ದವನೇ ಚಾಂಪಿಯನ್ ಎಂದು ಮಾರ್ಚ್ 17ಕ್ಕೆ ಘೋಷಿಸಿದರು. ಹಂಗಾಮು ಶುರುವಾಗಲು ಎರಡು ವಾರವೂ ಇರಲಿಲ್ಲ. ಇಷ್ಟು ತಡವಾಗಿ ನಿಯಮ ಬದಲಿಸಲು ನಿಮ್ಮದೇ ನಿಯಮದಲ್ಲಿ ಅವಕಾಶವಿಲ್ಲವಲ್ಲ ಎಂದು ತಂಡಗಳು ನೆನಪಿಸಿದವು. ಮೂರನೆಯ ದಿನ ಘೋಷಣೆ ಹಿಂದಕ್ಕೆ ಹೋಯಿತು. ಷಡ್ಡಕರಿಗೆ ಈ ಕತೆ ಹೇಳಿದಾಗ, 'ನಮ್ಮಲ್ಲೂ ಸುತ್ತೋಲೆ ಹಿಂಗೇ ಬರ್ತಿತ್ತು' ಎಂದು ಸಂತೋಷಪಟ್ಟರು.

ಅಂಕದಿಂದ ಆಗದಿದ್ದರೆ ಮಳೆ. 2011ರಲ್ಲಿ ಬರ್ನಿ ಎಕ್ಲೆಸ್ಟನ್, ಅಂದರೆ ಈ ಆಟದ ಗಲ್ಲಾಪೆಟ್ಟಿಗೆಯ ಮೇಲೆ ದಶಕಗಳ ಕಾಲ ಕೂತಿದ್ದ ಪುಣ್ಯಾತ್ಮ, ಟ್ರ್ಯಾಕಿನ ಪಕ್ಕದಲ್ಲಿ ಸ್ಪ್ರಿಂಕ್ಲರ್ ಇಟ್ಟು ಕೃತಕ ಮಳೆ ಬರಿಸೋಣ ಎಂದರು. ಮಳೆ ಬಂದ ರೇಸುಗಳು ರೋಚಕವಾಗಿರುತ್ತವೆ, ಹಾಗಾದರೆ ಮಳೆಯನ್ನೇ ತರಿಸೋಣ ಎಂಬ ನೇರ ಲೆಕ್ಕ. ನಾನು ಆಗ ಬಹಳ ನಕ್ಕಿದ್ದೆ. ಈಚೆಗೆ ಯಾಕೋ ಅಷ್ಟು ನಗು ಬರುವುದಿಲ್ಲ. ಆಮೇಲೆ ನಿಜವಾಗಿಯೂ ಜಾರಿಗೆ ಬಂದ ಕೆಲವು ಸುಧಾರಣೆಗಳ ಮುಂದೆ ಸ್ಪ್ರಿಂಕ್ಲರು ಘನತೆಯ ವಿಚಾರ.

ಉದಾಹರಣೆಗೆ 2016ರ ಅರ್ಹತಾ ಸುತ್ತು. ಶನಿವಾರದ ಆ ಸುತ್ತು ಅದುವರೆಗೆ ಎಲ್ಲರಿಗೂ ಇಷ್ಟವಿತ್ತು, ಅದರಲ್ಲಿ ಕೆಟ್ಟಿದ್ದೇನೂ ಇರಲಿಲ್ಲ. ಆದ್ದರಿಂದಲೇ ಇರಬೇಕು, ಅದನ್ನು ಸುಧಾರಿಸಲು ಹೊರಟರು. ಪ್ರತಿ 90 ಸೆಕೆಂಡಿಗೆ ಅತಿ ನಿಧಾನದವನೊಬ್ಬ ಹೊರಗೆ. ಕಾಗದದ ಮೇಲೆ ಕೊನೆಯ ಕ್ಷಣದ ತನಕ ಜಿದ್ದಾಜಿದ್ದಿ. ಮೆಲ್ಬರ್ನ್‌ನಲ್ಲಿ ಆದದ್ದು ಏನೆಂದರೆ, ಎಲ್ಲರೂ ಮೊದಲೇ ಒಂದೊಂದು ಒಳ್ಳೆ ಸುತ್ತು ಓಡಿ, ಟೈರು ಉಳಿಸಿಕೊಳ್ಳಲು ಗ್ಯಾರೇಜಿಗೆ ಸೇರಿಕೊಂಡರು. ಕೊನೆಯ ಕೆಲವು ನಿಮಿಷ ಗಡಿಯಾರ ಓಡುತ್ತಿದೆ, ಕ್ಯಾಮೆರಾ ಓಡುತ್ತಿದೆ, ಟ್ರ್ಯಾಕಿನ ಮೇಲೆ ಒಂದು ನರಪಿಳ್ಳೆಯಿಲ್ಲ. ಖಾಲಿ ರಸ್ತೆಗೆ ಚೌಕಳಿ ಬಾವುಟ ಬೀಸಿದರು. ಎರಡು ರೇಸಿನ ಮಟ್ಟಿಗೆ ಬಾಳಿ ಆ ವ್ಯವಸ್ಥೆ ತೀರಿಕೊಂಡಿತು.

ಮೊನಾಕೊದಲ್ಲಿ ಓವರ್‌ಟೇಕ್ ಮಾಡಲು ಜಾಗವಿಲ್ಲ. ಅದು ಎಲ್ಲರಿಗೂ ಗೊತ್ತು. ರಸ್ತೆ ಇರುವುದೇ ಅಷ್ಟು. 2025ರಲ್ಲಿ ಅಲ್ಲಿಗೆಂದೇ ಒಂದು ವಿಶೇಷ ನಿಯಮ ತಂದರು: ಮೂರು ಸೆಟ್ ಟೈರು ಬಳಸಲೇಬೇಕು, ಎಂದರೆ ಎರಡು ಸಲ ಪಿಟ್‌ಗೆ ಬರಲೇಬೇಕು. ಆಗ ಲೆಕ್ಕಾಚಾರ ಏರುಪೇರಾಗಿ ಮಜಾ ಬರುತ್ತದೆ ಎಂಬ ಆಸೆ. ಕೆಲವು ತಂಡಗಳು ಕಂಡುಕೊಂಡ ಮಜಾ ಬೇರೆ. ಒಂದು ತಂಡದ ಇಬ್ಬರಲ್ಲಿ ಹಿಂದಿನವನು ಬೇಕೆಂದೇ ಕಾರನ್ನು ತೆವಳಿಸುತ್ತ ಹಿಂದೆ ಇರುವವರನ್ನೆಲ್ಲ ತಡೆದಿಡುವುದು, ಅಷ್ಟರಲ್ಲಿ ಮುಂದಿನವನು ಪಿಟ್‌ಗೆ ಹೋಗಿ ಟೈರು ಹಾಕಿಸಿಕೊಂಡು ನೆಮ್ಮದಿಯಾಗಿ ಬರುವುದು. ಜಗತ್ತಿನ ಅತಿ ವೇಗದ ಚಾಲಕರು ಜಗತ್ತಿನ ಅತಿ ದುಬಾರಿ ಕಾರುಗಳಲ್ಲಿ ಯಾರು ಹೆಚ್ಚು ನಿಧಾನ ಎಂಬ ಪೈಪೋಟಿ ನಡೆಸಿದರು. ಮೊದಲ ನಾಲ್ವರು ಹೇಗೆ ಹೊರಟಿದ್ದರೋ ಅದೇ ಕ್ರಮದಲ್ಲಿ ಬಂದು ಮುಟ್ಟಿದರು.

ನಿಯಮ ಎಷ್ಟು ಜಟಿಲವಾಗಬಹುದು ಎಂಬುದಕ್ಕೆ 2022ರ ಸುಝುಕಾ ಇದೆ. ಮಳೆ ಬಂದು ರೇಸು ನಿಂತು, ಮತ್ತೆ ಶುರುವಾಗಿ, 53 ಸುತ್ತಿನ ಬದಲು 28 ಸುತ್ತಿಗೆ ಮುಗಿಯಿತು. ಪೂರ್ತಿ ಅಂಕವೋ, ಕಡಿತವೋ? ಗೆದ್ದ ಮ್ಯಾಕ್ಸ್ ವೆರ್ಸ್ಟಾಪೆನ್‌ಗೆ ನೀನೀಗ ವಿಶ್ವ ಚಾಂಪಿಯನ್ ಎಂದರು, ಅವನು ನಂಬಲಿಲ್ಲ. ಅವನ ತಂಡಕ್ಕೂ ಖಾತ್ರಿಯಿರಲಿಲ್ಲ. ನಮ್ಮ ಹುಡುಗ ಮೊಬೈಲಿನಲ್ಲಿ ನಿಯಮಪುಸ್ತಕ ತೆರೆದು ಹುಡುಕುತ್ತ ಕೂತಿದ್ದ. ರೇಸು ನಿಂತೇಹೋದರೆ ಮಾತ್ರ ಅಂಕ ಕಡಿತ, ಮತ್ತೆ ಶುರುವಾಗಿ ಮುಗಿದರೆ ಪೂರ್ತಿ ಅಂಕ ಎಂದು ಕೊನೆಗೆ ಅರ್ಥ ಮಾಡಿದರು. ವಿಶ್ವ ಚಾಂಪಿಯನ್ ಆದದ್ದು ವಿಶ್ವ ಚಾಂಪಿಯನ್‌ಗೇ ತಿಳಿಯದ ಆಟ ಬೇರೆ ಯಾವುದಾದರೂ ಇದ್ದರೆ ನನಗೆ ಹೇಳಿ. ಅದೇ ವರ್ಷ ಚಾಲಕರ ಒಳಉಡುಪೂ ಬೆಂಕಿ ನಿರೋಧಕವೇ ಇರಬೇಕೆಂಬ ನಿಯಮವನ್ನು ಅಧಿಕಾರಿಗಳು ಬಿಗಿಯಾಗಿ ನೆನಪಿಸಿದಾಗ ಸೆಬಾಸ್ಟಿಯನ್ ವೆಟ್ಟೆಲ್ ಮಯಾಮಿಯಲ್ಲಿ ಚಡ್ಡಿಯನ್ನು ರೇಸಿಂಗ್ ಸೂಟಿನ ಮೇಲೆ ಹಾಕಿಕೊಂಡು ಬಂದ. ಪರಿಶೀಲನೆಗೆ ಅನುಕೂಲವಾಗಲಿ ಎಂದಿರಬೇಕು.

ಇಷ್ಟಾದರೂ ನಿಯಮ ಬರೆಯುವವರ ಬಗ್ಗೆ ನನಗೆ ಮರುಕವಿದೆ. ಬರೆಯುವವರು ಬೆರಳೆಣಿಕೆಯ ಮಂದಿ. ಓದುವವರು ತಂಡಕ್ಕೆ ನೂರಾರು ಜನ, ಅವರಿಗೆ ಸಂಬಳವೂ ಜಾಸ್ತಿ, ಅವರು ಓದುವುದೂ ವಕೀಲರು ಓದುವ ಹಾಗೆ: ಇಲ್ಲಿ ಏನು ಹೇಳಿದೆ ಎಂದಲ್ಲ, ಏನು ಹೇಳಿಲ್ಲ ಎಂದು. ರೆಕ್ಕೆಯಂಥ ಚಲಿಸುವ ಭಾಗಗಳು ಕೂಡದು ಎಂದು ನಿಯಮವಿದ್ದಾಗ, 1978ರಲ್ಲಿ ಬ್ರಾಭಮ್ ತಂಡದ ಗಾರ್ಡನ್ ಮರ್ರಿ ಕಾರಿನ ಹಿಂದೆ ದೊಡ್ಡ ಫ್ಯಾನೊಂದನ್ನು ಕೂರಿಸಿದರು. ಇದು ಎಂಜಿನ್ ತಣ್ಣಗಿಡಲು ಸ್ವಾಮಿ, ಎಂದರು. ಎಂಜಿನ್ ತಣ್ಣಗಾಗುತ್ತಿದ್ದುದು ನಿಜವೇ. ಜೊತೆಗೆ ಅದು ಕಾರಿನ ಅಡಿಯ ಗಾಳಿಯನ್ನು ಹೀರಿ ಕಾರನ್ನು ರಸ್ತೆಗೆ ಕಚ್ಚಿಸುತ್ತಿತ್ತು. ಸ್ವೀಡನ್ನಿನಲ್ಲಿ ನಿಕಿ ಲೌಡಾ ಅರ್ಧ ನಿಮಿಷಕ್ಕೂ ಹೆಚ್ಚು ಅಂತರದಲ್ಲಿ ಗೆದ್ದ. ಉಳಿದ ತಂಡಗಳು ಗುಲ್ಲೆಬ್ಬಿಸಿದವು. ಆ ಕಾರು ಮತ್ತೆ ರೇಸಿಗೆ ಇಳಿಯಲಿಲ್ಲ. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಒಪ್ಪಿದ ತಂಡದ ಮಾಲೀಕ ಯಾರು ಗೊತ್ತೇ? ನಮ್ಮ ಸ್ಪ್ರಿಂಕ್ಲರಿನ ಬರ್ನಿಯವರೇ.

1981ರಲ್ಲಿ ಕಾರು ನೆಲದಿಂದ ಆರು ಸೆಂಟಿಮೀಟರ್ ಎತ್ತರ ಇರಬೇಕು ಎಂದರು. ಅಳೆಯುವುದು ಕಾರು ನಿಂತಾಗ ತಾನೆ? ಅದೇ ಬ್ರಾಭಮ್ ತಂಡ ಹೊಸ ಸಸ್ಪೆನ್ಷನ್ ಮಾಡಿತು. ನಿಂತಾಗ ಆರು ಸೆಂಟಿಮೀಟರ್, ಓಡುವಾಗ ಗಾಳಿಯ ಒತ್ತಡಕ್ಕೆ ನೆಲಕ್ಕೆ ಕುಸಿಯುವುದು, ನಿಧಾನವಾಗಿ ಪಿಟ್‌ಗೆ ಬರುವಷ್ಟರಲ್ಲಿ ಏನೂ ಅರಿಯದ ಮುಖ ಮಾಡಿಕೊಂಡು ಮತ್ತೆ ಏಳುವುದು. ಮರುವರ್ಷ ತೂಕದ ನಿಯಮ. ಕಾರಿಗೆ ಇಷ್ಟು ಕನಿಷ್ಠ ತೂಕ ಇರಬೇಕು, ಆದರೆ ತೂಗುವ ಮುಂಚೆ ಖರ್ಚಾದ ದ್ರವಗಳನ್ನು ತುಂಬಿಸಿಕೊಳ್ಳಬಹುದು ಎಂದಿತ್ತು. ತಗೊಳ್ಳಿ, ಬ್ರೇಕು ತಣ್ಣಗಾಗಲು ನೀರು ಬೇಕು ಎಂದು ದೊಡ್ಡ ಟ್ಯಾಂಕು ಬಂತು. ರೇಸಿನ ಶುರುವಿನಲ್ಲೇ ನೀರೆಲ್ಲ ಚೆಲ್ಲಿ ಹಗುರಾಗುವುದು, ಮುಗಿದ ಮೇಲೆ ಟ್ಯಾಂಕು ತುಂಬಿಸಿಕೊಂಡು ತಕ್ಕಡಿ ಏರುವುದು. ಬ್ರೆಜಿಲಿನಲ್ಲಿ ಮೊದಲ ಮತ್ತು ಎರಡನೆಯ ಸ್ಥಾನ ಬಂದ ಪಿಕೆ, ರೋಸ್‌ಬರ್ಗ್ ಇಬ್ಬರನ್ನೂ ಅನರ್ಹಗೊಳಿಸಿದರು. ನಮ್ಮ ಹುಡುಗ ಇಂಥ ಕತೆಗಳನ್ನು ಪುರಾಣ ಹೇಳಿದಂತೆ ಹೇಳುತ್ತಾನೆ. 'ಮಾವ, ಇದು ಮೋಸ ಅಲ್ಲ, ಎಂಜಿನಿಯರಿಂಗ್' ಎಂಬುದು ಅವನ ಪಕ್ಷ. ಷಡ್ಡಕರು ಒಪ್ಪುವುದಿಲ್ಲ. ಹಾಲಿನವನು ಮಾಡಿದರೆ ಮಾತ್ರ ಮೋಸವೇ ಎಂದು ಕೇಳುತ್ತಾರೆ.

ಅದಕ್ಕಿಂತ ನೇರವಾದ ದಾರಿ ಹಿಡಿದವರೂ ಇದ್ದರು. 2007ರಲ್ಲಿ ಫೆರಾರಿಯ 780 ಪುಟಗಳ ಗುಟ್ಟಿನ ಕಡತ ಮೆಕ್‌ಲಾರೆನ್‌ನ ಎಂಜಿನಿಯರೊಬ್ಬರ ಕೈ ಸೇರಿತು. ಅಷ್ಟು ದೊಡ್ಡ ಬೇಹುಗಾರಿಕೆ ಬಯಲಾದದ್ದು ಎಲ್ಲಿ? ಇಂಗ್ಲೆಂಡಿನ ಸರ‍್ರೆ ಕಡೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ. ಪ್ರತಿ ಮಾಡಿಸಲು ಬಂದ ಕಾಗದಗಳ ಮೇಲೆ ಫೆರಾರಿ ಹೆಸರು ಕಂಡು ಅಂಗಡಿಯವರೇ ಇಟಲಿಗೆ ಸುದ್ದಿ ಮುಟ್ಟಿಸಿದರು. ಮೆಕ್‌ಲಾರೆನ್‌ಗೆ 10 ಕೋಟಿ ಡಾಲರ್ ದಂಡ. ಜೆರಾಕ್ಸ್ ಅಂಗಡಿಯವರಿಗೆ ಒಂದು ಪದಕ ಕೊಡಬೇಕಿತ್ತು.

ಇನ್ನು ದುಡ್ಡು. ಷಡ್ಡಕರು ಕುರ್ಚಿ ಮುಂದಕ್ಕೆಳೆದುಕೊಳ್ಳುವ ಜಾಗ ಇದು.

ಅವಿಭಕ್ತ ಕುಟುಂಬದ ಪಾಲುಪಟ್ಟಿ ನೋಡಿದವರಿಗೆ ಫಾರ್ಮುಲಾ ಒನ್ನಿನ ಹಣ ಹಂಚಿಕೆ ಸಲೀಸಾಗಿ ಅರ್ಥವಾಗುತ್ತದೆ. ಮನೆಯ ಹಿರಿಯ ಮಗ ಫೆರಾರಿ; 1950ರಿಂದ ಒಂದು ಹಂಗಾಮೂ ಬಿಡದೆ ಓಡಿದ ತಂಡ ಅದೊಂದೇ. ಆದ್ದರಿಂದ ಅದಕ್ಕೆ ಜ್ಯೇಷ್ಠಭಾಗ. ಗೆಲ್ಲಲಿ ಬಿಡಲಿ, ಫೆರಾರಿ ಆಗಿರುವುದಕ್ಕೇ ಒಂದು ಮೊತ್ತ. 2014ರಲ್ಲಿ ಅದು ಒಂದು ರೇಸನ್ನೂ ಗೆಲ್ಲದೆ ನಾಲ್ಕನೆಯ ಸ್ಥಾನದಲ್ಲಿ ನಿಂತಿತು. ಆದರೂ ಚಾಂಪಿಯನ್ ಮರ್ಸಿಡಿಸ್‌ಗಿಂತ ಫೆರಾರಿಯ ಪಾಲೇ ದೊಡ್ಡದಿತ್ತು ಎಂದು ಪತ್ರಿಕೆಗಳು ಲೆಕ್ಕ ಹಾಕಿದ್ದವು. ಮನೆಗೆ ಆಮೇಲೆ ಬಂದವರ ಗತಿ? ಅದೇ ವರ್ಷ ಅಕ್ಟೋಬರಿನಲ್ಲಿ ಮರುಸ್ಸಿಯಾ, ಕೇಟರ್‌ಹಾಮ್ ಎರಡೂ ದಿವಾಳಿ ವ್ಯವಹಾರ ನೋಡಿಕೊಳ್ಳುವವರ ಕೈಗೆ ಹೋದವು. ಕೇಟರ್‌ಹಾಮ್ ಅಬುಧಾಬಿಯ ಕೊನೆಯ ರೇಸಿಗೆ ಅಭಿಮಾನಿಗಳಿಂದ ಚಂದಾ ಎತ್ತಿ ಬಂದಿತು. ಮುಂದಿನ ವರ್ಷ ಸೌಬರ್ ಮತ್ತು ಫೋರ್ಸ್ ಇಂಡಿಯಾ, ಈ ಹಂಚಿಕೆ ಅನ್ಯಾಯ ಎಂದು ಯುರೋಪಿಯನ್ ಕಮಿಷನ್‌ಗೆ ದೂರು ಕೊಟ್ಟವು.

ಫೋರ್ಸ್ ಇಂಡಿಯಾ ಎಂದೊಡನೆ ನಮ್ಮೂರಿನ ನಂಟು ಬಂತು. 2007ರಲ್ಲಿ ಬೆಂಗಳೂರಿನ ಯುಬಿ ಸಮೂಹದ ವಿಜಯ್ ಮಲ್ಯ ಡಚ್ ಪಾಲುದಾರರೊಬ್ಬರ ಜೊತೆ ಸ್ಪೈಕರ್ ತಂಡ ಕೊಂಡರು. 2008ರಲ್ಲಿ ಅದು ಫೋರ್ಸ್ ಇಂಡಿಯಾ ಹೆಸರಿನಲ್ಲಿ ಓಡಿತು. ಅವರದೇ ಕ್ರಿಕೆಟ್ ತಂಡ ಆರ್‌ಸಿಬಿ ಕಣ್ಣುಬಿಟ್ಟದ್ದೂ ಅದೇ ವರ್ಷ. ಕಪ್ಪಿಗಾಗಿ ನಾವೆಲ್ಲ ಹರಕೆ ಹೊತ್ತದ್ದು ಆರ್‌ಸಿಬಿಗೆ, ಆದರೆ ಕಾಸಿಗೆ ತಕ್ಕ ಕೆಲಸ ಮಾಡಿದ್ದು ಇನ್ನೊಂದು ಕೂಸು. 2009ರಲ್ಲಿ ಸ್ಪಾ ಟ್ರ್ಯಾಕಿನಲ್ಲಿ ಅದರ ಚಾಲಕ ಫಿಸಿಕೆಲ್ಲಾ ಎಲ್ಲರಿಗಿಂತ ಮುಂದೆ ನಿಂತು ಹೊರಟು ಎರಡನೆಯವನಾಗಿ ಬಂದ. ಫೆರಾರಿಗೆ ಅವನು ಎಷ್ಟು ಹಿಡಿಸಿದನೆಂದರೆ ಮುಂದಿನ ರೇಸಿಗೇ ಕರೆದುಕೊಂಡು ಹೋಯಿತು. ದೊಡ್ಡ ಮನೆಯವರ ವಾತ್ಸಲ್ಯ! 2016 ಮತ್ತು 2017ರಲ್ಲಿ, ಬಜೆಟ್ ಸಣ್ಣದು, ಮಾಲೀಕರು ಕೋರ್ಟು ಕಚೇರಿಗಳಲ್ಲಿ ಸುದ್ದಿ ಎಂಬ ಸ್ಥಿತಿಯಲ್ಲೂ, ತಂಡ ಸತತವಾಗಿ ನಾಲ್ಕನೆಯ ಸ್ಥಾನ ಹಿಡಿಯಿತು. ಸಿಲ್ವರ್‌ಸ್ಟೋನ್‌ನ ಆ ಕಾರ್ಖಾನೆಯಲ್ಲಿ ದುಡಿದ ಎಂಜಿನಿಯರುಗಳಿಗೆ ನಾವು ಕನ್ನಡಿಗರು ಒಂದು ಹಾರ ಹಾಕಿದ್ದರೂ ತಪ್ಪಿರಲಿಲ್ಲ.

2018ರ ಜುಲೈನಲ್ಲಿ ಅದೂ ದಿವಾಳಿಯ ಬಾಗಿಲಿಗೆ ಬಂತು. ಲಾರೆನ್ಸ್ ಸ್ಟ್ರೋಲ್ ನೇತೃತ್ವದ ಗುಂಪು ಕೊಂಡಿತು. ಅವೇ ಕಾರುಗಳು, ಅವರೇ ಚಾಲಕರು, ಅದೇ ಕಾರ್ಖಾನೆ. ಆದರೆ ಕಾನೂನಿನ ಪ್ರಕಾರ ಹೊಸ ತಂಡ. ಆದ್ದರಿಂದ ಹಳೆಯದು ಗಳಿಸಿದ್ದ 59 ಅಂಕಗಳು ಸೊನ್ನೆಯಾದವು. ವರ್ಷದ ಮಧ್ಯದಲ್ಲಿ ಹುಟ್ಟಿದ ಆ ಕೂಸು ಮೊದಲ ರೇಸಿನಲ್ಲೇ ಬೆಲ್ಜಿಯಂನಲ್ಲಿ ಐದು ಮತ್ತು ಆರನೆಯ ಸ್ಥಾನ ಗಿಟ್ಟಿಸಿತು. ಅಂಕ ಹೋದರೂ ಬಹುಮಾನದ ಹಣದ ಹಕ್ಕು ಉಳಿಯಲಿ ಎಂದು ಉಳಿದ ತಂಡಗಳು ಒಪ್ಪಿಕೊಂಡವು. ಷಡ್ಡಕರು ಇಲ್ಲಿ ನನ್ನನ್ನು ತಡೆದರು. 'ಅಂಕ ಸತ್ತವನದ್ದು, ಹಣ ಬದುಕಿದವನದ್ದು. ಯಾವ ಲೆಕ್ಕದ ಪುಸ್ತಕದಲ್ಲಿ ಬರುತ್ತೆ ಇದು?' ನನಗೆ ಉತ್ತರ ಗೊತ್ತಿರಲಿಲ್ಲ. ಅದೀಗ ಆಸ್ಟನ್ ಮಾರ್ಟಿನ್ ಎಂಬ ಹಸಿರು ಬಣ್ಣದ ಶ್ರೀಮಂತ ತಂಡ.

ನಮ್ಮ ದೇಶದಲ್ಲೂ ಈ ಆಟ ಮೂರು ವರ್ಷ ಬಂದು ಹೋಯಿತಲ್ಲ. ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕೀಟಿನಲ್ಲಿ 2011ರಿಂದ 2013ರವರೆಗೆ. ಇದು ಕ್ರೀಡೆಯಲ್ಲ, ಮನರಂಜನೆ ಎಂದು ಉತ್ತರ ಪ್ರದೇಶ ಸರಕಾರ ತೆರಿಗೆ ಹಾಕಿತು. ಮೂರು ವರ್ಷವೂ ವೆಟ್ಟೆಲ್ ಒಬ್ಬನೇ ಗೆದ್ದ. ಆ ಮೂರನ್ನೂ ನೋಡಿದವರು ಮನರಂಜನೆ ಎಂಬ ಪದವನ್ನು ಪ್ರಶ್ನಿಸಿ ಮೇಲ್ಮನವಿ ಹಾಕಬಹುದಿತ್ತು. 2013ರಲ್ಲಿ ಅವನು ನಾಲ್ಕನೆಯ ಸಲ ಚಾಂಪಿಯನ್ ಆಗಿ, ಜನರ ಮುಂದೆ ಹೊಗೆಯೆಬ್ಬಿಸುತ್ತ ಕಾರನ್ನು ಗಿರಗಿರನೆ ತಿರುಗಿಸಿ, ಇಳಿದು ಕಾರಿಗೆ ಕೈಮುಗಿದ. ಆ ಮಧ್ಯಾಹ್ನದ ನಿಜವಾದ ಮನರಂಜನೆ ಅದೊಂದೇ. ಅದಕ್ಕೆ ತಂಡಕ್ಕೆ 25,000 ಯೂರೋ ದಂಡ ಬಿತ್ತು. ಆಮೇಲೆ 2017ರಲ್ಲಿ ನಮ್ಮ ಸುಪ್ರೀಂ ಕೋರ್ಟು ಈ ಆಟ ನಡೆಸುವ ಕಂಪನಿಗೆ, ಮೂರೇ ದಿನ ಬಂದು ಹೋದರೂ ಇಲ್ಲಿ ನಿಮ್ಮ ವ್ಯಾಪಾರದ ನೆಲೆ ಇತ್ತು, ಆದ್ದರಿಂದ ತೆರಿಗೆ ಕಟ್ಟಬೇಕು ಎಂದಿತು. ಷಡ್ಡಕರು ರೇಸಿಗೆ ಸಂಬಂಧಿಸಿದಂತೆ ಪೂರ್ತಿ ಓದಿರುವ ದಾಖಲೆ ಆ ತೀರ್ಪು ಒಂದೇ.

ಖರ್ಚಿಗೆ ಮಿತಿ ಹಾಕಬೇಕೆಂಬ ಮಾತು ಹಳೆಯದು. 2009ರಲ್ಲಿ ನಿಯಮ ಮಾಡುವ ಸಂಸ್ಥೆಯ ಆಗಿನ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿ ತಂಡಕ್ಕೆ 4 ಕೋಟಿ ಪೌಂಡಿನ ಮಿತಿ ಸೂಚಿಸಿದಾಗ ದೊಡ್ಡ ತಂಡಗಳು ಬೇರೆ ಮನೆ ಮಾಡುತ್ತೇವೆ ಎಂದು ಗದ್ದಲವೆಬ್ಬಿಸಿದವು. ಮಿತಿ ಮಾಯವಾಯಿತು. ಆದರೆ ಮಿತಿ ಬರುತ್ತದೆ ಎಂದು ನಂಬಿ ಅರ್ಜಿ ಹಾಕಿದ್ದ ಹೊಸಬರು ಮಾಯವಾಗುವಂತಿರಲಿಲ್ಲ, ಅವರು 2010ಕ್ಕೆ ಓಡಲೇಬೇಕಿತ್ತು. ಅವರಲ್ಲಿ ಒಂದಾದ ಹಿಸ್ಪಾನಿಯಾ ತಂಡದಲ್ಲಿ ಚೆನ್ನೈನ ಕರುಣ್ ಚಂದೋಕ್ ಇದ್ದ. ಬಹರೇನ್‌ಗೆ ತಂಡ ಬಂದಾಗ ಅವನ ಕಾರು ಇನ್ನೂ ಪೂರ್ತಿ ಜೋಡಣೆಯಾಗಿರಲಿಲ್ಲ. ಉಳಿದವರು ಅಭ್ಯಾಸ ನಡೆಸುತ್ತಿದ್ದರೆ ಇವನ ಮೆಕ್ಯಾನಿಕ್‌ಗಳು ಸ್ಪ್ಯಾನರ್ ಹಿಡಿದು ಗ್ಯಾರೇಜಿನಲ್ಲಿ. ಆ ಕಾರನ್ನು ಅವನು ಜೀವಮಾನದಲ್ಲಿ ಮೊಟ್ಟಮೊದಲು ಓಡಿಸಿದ್ದು ನೇರವಾಗಿ ಅರ್ಹತಾ ಸುತ್ತಿನಲ್ಲಿ. ಮರುದಿನ ರೇಸಿನಲ್ಲಿ ಎರಡನೆಯ ಸುತ್ತಿಗೇ ಕತೆ ಮುಗಿಯಿತು. ಆ ವರ್ಷ ಬಂದ ಮೂರು ಹೊಸ ತಂಡಗಳಲ್ಲಿ ಇವತ್ತು ಒಂದೂ ಇಲ್ಲ.

ಕೊನೆಗೂ ಮಿತಿ ಬಂದದ್ದು 2021ರಲ್ಲಿ: 14.5 ಕೋಟಿ ಡಾಲರ್. ಎರಡು ವರ್ಷದಲ್ಲಿ ಅದು 13.5 ಕೋಟಿಗೆ ಇಳಿಯಿತು. ನಮ್ಮ ದುಡ್ಡಿನಲ್ಲಿ ಆಗ ಸುಮಾರು 1,100 ಕೋಟಿ ರೂಪಾಯಿ. 2025ರ ಹರಾಜಿಗೆ ಒಂದು ಐಪಿಎಲ್ ತಂಡದ ಪರ್ಸು 120 ಕೋಟಿ ಇತ್ತು. ಎರಡು ಕಾರು ಓಡಿಸಲು ಒಂಬತ್ತು ಐಪಿಎಲ್ ತಂಡದ ದುಡ್ಡು ಬೇಕಿತ್ತು, ಅದನ್ನು ಇವರು ಮಿತವ್ಯಯ ಎಂದರು. ಜೊತೆಗೆ ಇನ್ನೊಂದು ಜಾಣ ಏರ್ಪಾಡು: ವಿಂಡ್ ಟನಲ್ಲಿನಲ್ಲಿ, ಅಂದರೆ ದೊಡ್ಡ ಫ್ಯಾನಿನ ಗಾಳಿಗೆ ಕಾರಿನ ಮಾದರಿಯನ್ನೊಡ್ಡಿ, ಪ್ರಯೋಗ ಮಾಡುವ ಸಮಯಕ್ಕೆ ಪಡಿತರ. ಗೆದ್ದ ತಂಡಕ್ಕೆ ನೂರಕ್ಕೆ 70ರಷ್ಟು, ಹತ್ತನೆಯ ತಂಡಕ್ಕೆ 115ರಷ್ಟು. ಬ್ರಿಟನ್ನಿನ ಟೂರಿಂಗ್ ಕಾರ್ ರೇಸುಗಳಲ್ಲಿ ಗೆದ್ದವನ ಕಾರಿಗೆ ಮುಂದಿನ ರೇಸಿಗೆ ತೂಕ ಹೇರುವ ಪದ್ಧತಿ ಬಹುಕಾಲ ಇತ್ತು. ಅದು ಕಣ್ಣಿಗೆ ಕಾಣುತ್ತಿತ್ತು, ಗೆದ್ದವನಿಗೆ ಅವಮಾನ ಮಾಡಿದ ಹಾಗೆ. ಇದು ಕಾಣುವುದಿಲ್ಲ. ಎಲ್ಲೋ ಒಂದು ಕಟ್ಟಡದಲ್ಲಿ ಫ್ಯಾನು ಬೇಗ ಆರುತ್ತದೆ, ಅಷ್ಟೆ.

ಮಿತಿಯ ಮೊದಲ ವರ್ಷದ ಲೆಕ್ಕದಲ್ಲೇ ರೆಡ್‌ಬುಲ್ ಸಿಕ್ಕಿಬಿತ್ತು. ದಾಟಿದ್ದು 18.64 ಲಕ್ಷ ಪೌಂಡು, ಆಗಿನ ದರದಲ್ಲಿ 17-18 ಕೋಟಿ ರೂಪಾಯಿ. ಏನೇನು ಲೆಕ್ಕ ತಪ್ಪಿಸಿದ್ದಾರೆ ಎಂಬ ಪಟ್ಟಿಯಲ್ಲಿ ರೆಕ್ಕೆ, ಗೇರ್‌ಬಾಕ್ಸು ಇರುತ್ತದೆಂದು ನಮ್ಮ ಹುಡುಗ ಕಾತರದಿಂದ ಕಾದ. ಪಟ್ಟಿಯಲ್ಲಿ ಎದ್ದು ಕಂಡದ್ದು ಕೇಟರಿಂಗು! ನೌಕರರ ಊಟ ತಿಂಡಿಯ ಖರ್ಚು ಮಿತಿಯ ಒಳಗೋ ಹೊರಗೋ ಎಂಬ ತಕರಾರು. ನಮ್ಮಲ್ಲಿ ಎಲ್ಲರಿಗೂ ಊಟ ಪುಕ್ಕಟೆ, ಮೊದಲಿನಿಂದಲೂ ಹಾಗೆಯೇ ಎಂದು ತಂಡದ ಆಗಿನ ಮುಖ್ಯಸ್ಥ ಕ್ರಿಶ್ಚಿಯನ್ ಹಾರ್ನರ್ ಸಮರ್ಥಿಸಿಕೊಂಡರು. ಹುಡುಗನಿಗೆ ನಿರಾಶೆಯಾಯಿತು. ಷಡ್ಡಕರ ಮುಖದಲ್ಲಿ ಮಾತ್ರ ನಾನು ಅಂಥ ಕಾಂತಿಯನ್ನು ಅದಕ್ಕೂ ಮುಂಚೆ ಕಂಡಿರಲಿಲ್ಲ. 'ನೋಡಿದ್ರಾ? ಎಲ್ಲಾ ಕಡೆ ಸಿಗೋದು ಊಟದ ಬಿಲ್ಲಲ್ಲೇ' ಎಂದರು. ತಮ್ಮ ಸರ್ವೀಸಿನಲ್ಲಿ ಸಮ್ಮೇಳನಗಳ ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ಎಣಿಸಿದ ಅನುಭವವನ್ನು ಅರ್ಧ ಗಂಟೆ ಹೇಳಿದರು. ಅಷ್ಟರಲ್ಲಿ ಮೆಕ್ಸಿಕೋದ ರೇಸಿನಲ್ಲಿ ಏನೇನೋ ನಡೆದುಹೋಯಿತು. ದಂಡ 70 ಲಕ್ಷ ಡಾಲರ್, ವಿಂಡ್ ಟನಲ್ ಸಮಯದಲ್ಲಿ ಇನ್ನೂ ನೂರಕ್ಕೆ ಹತ್ತರಷ್ಟು ಕಡಿತ. ಇಷ್ಟೆಲ್ಲ ಕಟ್ಟಿಹಾಕಿದ ಮೇಲೆ 2023ರಲ್ಲಿ ರೆಡ್‌ಬುಲ್ 22 ರೇಸಿನಲ್ಲಿ 21 ಗೆದ್ದಿತು. ಸುಧಾರಕರ ಮುಖ ಆಗ ನೋಡಬೇಕಿತ್ತು.

ಆದರೂ ನನ್ನ ಮತ ಆ ಊಟದ ಬಿಲ್ಲಿನ ಕಡೆಗೇ. ಮರುವರ್ಷ, 2024ರಲ್ಲಿ, ಏಳು ಮಂದಿ ಬೇರೆ ಬೇರೆ ಚಾಲಕರು ಗೆದ್ದರು, ಅದೂ ಪ್ರತಿಯೊಬ್ಬ ಕನಿಷ್ಠ ಎರಡೆರಡು ಸಲ. 2023ರ ಶುರುವಿನಲ್ಲಿ ಬಾಲಂಗೋಚಿಯಾಗಿದ್ದ ಮೆಕ್‌ಲಾರೆನ್ 1998ರ ನಂತರ ಮೊದಲ ಸಲ ತಂಡಗಳ ಪ್ರಶಸ್ತಿ ಪಡೆಯಿತು. ಮಿತಿ ಬಂದ ಮೇಲೆ ಯಾವ ತಂಡವೂ ಚಂದಾ ಎತ್ತಿಲ್ಲ. ಅಂಕ ತಿದ್ದಿದವರು, ಅರ್ಹತಾ ಸುತ್ತು ತಿದ್ದಿದವರು, ಟೈರು ಎಷ್ಟು ಸಲ ಬದಲಿಸಬೇಕೆಂದು ಹೇಳಿದವರು ಎಲ್ಲರೂ ಭಾನುವಾರದ ಆಟವನ್ನು ತಿದ್ದಲು ಹೋಗಿ ಮುಖಭಂಗ ಮಾಡಿಕೊಂಡರು. ಸೋಮವಾರದಿಂದ ಶುಕ್ರವಾರದ ಖರ್ಚನ್ನು ತಿದ್ದಿದವರು ಯಾರ ಕಣ್ಣಿಗೂ ಬೀಳದೆ ಏನೋ ಒಂದಿಷ್ಟು ಸಾಧಿಸಿದರು. ಟೈರಿನ ಮಾತಿಗೇ ಬಂದರೆ, 2005ರಲ್ಲಿ ಒಂದೇ ಸೆಟ್ ಟೈರಿನಲ್ಲಿ ಇಡೀ ರೇಸು ಓಡಬೇಕೆಂಬ ನಿಯಮವಿತ್ತು. ಇಂಡಿಯಾನಾಪೊಲಿಸ್‌ನಲ್ಲಿ ಮಿಶೆಲಿನ್ ಟೈರುಗಳು ಅಲ್ಲಿನ ವೇಗದ ತಿರುವಿಗೆ ತಾಳುವುದಿಲ್ಲವೆಂದು ಗೊತ್ತಾದರೂ ಯಾರೂ ಬಗ್ಗಲಿಲ್ಲ. ಹದಿನಾಲ್ಕು ಕಾರು ಪಿಟ್‌ಗೆ ತಿರುಗಿದವು, ಆರೇ ಕಾರು ರೇಸು ಓಡಿದವು. ಟಿಕೆಟ್ ಕೊಂಡವರು ಬಾಟಲಿ ಎಸೆದರು. ಆ ಆರರಲ್ಲಿ ನಾಲ್ಕನೆಯವನಾಗಿ ಬಂದು ಭಾರತಕ್ಕೆ ಮೊದಲ ಬಾರಿ ಅಂಕ ತಂದವನು ಕೊಯಮತ್ತೂರಿನ ನರೈನ್ ಕಾರ್ತಿಕೇಯನ್. ಕೆಟ್ಟ ನಿಯಮದಿಂದ ನಮಗಾದ ಲಾಭ ಅದೊಂದೇ ಎಂದು ನೆನಪಿಗೆ ಬಂತು, ಹೇಳಿದೆ.

ಹಾಗಾಗಿ ನನ್ನ ಸುಧಾರಣಾ ಸೂಚನೆಗಳು ಬಡವನವು. ಹತ್ತು ವರ್ಷ ಅಂಕಗಳ ತಂಟೆಗೆ ಯಾರೂ ಹೋಗಕೂಡದು. ಹೊಸ ಚಮತ್ಕಾರ ಏನೇ ಹೊಳೆದರೂ ಮೊದಲು ಒಂದು ವರ್ಷ ಕೆಳಗಿನ ದರ್ಜೆಯ ರೇಸುಗಳಲ್ಲಿ ಓಡಿಸಿ ನೋಡಬೇಕು. ಯಾವ ತಂಡಕ್ಕೆ ಎಷ್ಟು ಪಾಲು ಎಂಬುದನ್ನು ಬೋರ್ಡಿನ ಮೇಲೆ ಬರೆದು ಹಾಕಬೇಕು. ಜ್ಯೇಷ್ಠಭಾಗ ಕೊಡಲಿ, ಗುಟ್ಟಾಗಿ ಬೇಡ. ಊಟವನ್ನು ಮಿತಿಯಿಂದ ಹೊರಗಿಡಬೇಕು, ಹಸಿದ ಮೆಕ್ಯಾನಿಕ್ ಚಕ್ರದ ನಟ್ಟು ಬಿಗಿ ಮಾಡುವುದು ನನಗೆ ಸರಿಕಾಣುವುದಿಲ್ಲ. ಕೊನೆಯದಕ್ಕೆ ಷಡ್ಡಕರು ಅಡ್ಡ ಬಂದರು. ಊಟ ಹೊರಗಿಟ್ಟರೆ ನಾಳೆ ರೆಕ್ಕೆಯನ್ನೂ ಊಟದ ಬಿಲ್ಲಿನಲ್ಲಿ ತೋರಿಸುತ್ತಾರೆ ಎಂಬುದು ಅವರ ವಾದ. ಮೇಲಿನ ಫ್ಯಾನು, ಟ್ಯಾಂಕಿನ ಕತೆ ಕೇಳಿದ ಮೇಲೆ ಅಲ್ಲಗಳೆಯುವುದು ಕಷ್ಟ.

'ಅದಿರಲಿ, ಮಿತಿಯಿಂದ ಹೊರಗೆ ಈಗ ಏನೇನಿದೆ?' ಎಂದು ಹುಡುಗನನ್ನು ಕೇಳಿದರು.

'ಡ್ರೈವರ್‌ಗಳ ಸಂಬಳ ಹೊರಗೆ ಅಂಕಲ್. ಮಾರ್ಕೆಟಿಂಗ್ ಹೊರಗೆ. ಆಮೇಲೆ ಟೀಮಲ್ಲಿ ಎಲ್ಲರಿಗಿಂತ ಜಾಸ್ತಿ ಸಂಬಳ ತಗೊಳೋ ಮೂರು ಜನರದ್ದು ಹೊರಗೆ.'

'ಡ್ರೈವರ್‌ದು ಸರಿ. ಈ ಮೂರು ಜನ ಯಾರಪ್ಪ?'

'ಟೀಮ್ ಪ್ರಿನ್ಸಿಪಾಲು, ಚೀಫ್ ಡಿಸೈನರು, ಅಂಥವರು.'

'ಈ ರೂಲ್ಸ್ ಮಾಡುವಾಗ ಮೀಟಿಂಗಲ್ಲಿ ಯಾರು ಕೂತಿದ್ರು?'

ಹುಡುಗ ಒಂದು ಕ್ಷಣ ಯೋಚಿಸಿದ. 'ಟೀಮ್ ಪ್ರಿನ್ಸಿಪಾಲುಗಳೂ ಇದ್ರು ಅಂಕಲ್.'

ಷಡ್ಡಕರು ಕನ್ನಡಕ ತೆಗೆದು ಒರೆಸಿಕೊಂಡರು. 'ನನ್ನ ಇಡೀ ಸರ್ವೀಸಲ್ಲಿ ಇಷ್ಟು ಚೆನ್ನಾಗಿ ಡ್ರಾಫ್ಟ್ ಮಾಡಿರೋ ಆರ್ಡರ್ ನೋಡಿಲ್ಲ ಕಣ್ರೀ' ಎಂದರು.